ಕ್ಯಾಂಪಸ್‌ನಲ್ಲಿ ಆಸರೆಯ ಬಳಗ: ಎಲ್‌ಜಿಬಿಟಿಕ್ಯೂ ವಿದ್ಯಾರ್ಥಿಗಳು, ಸಿಬ್ಬಂದಿಗಾಗಿ ಮೈಸೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಜೊತೆಗೆ ಸೇರಿಕೊಂಡ. "ಸರ್, ಐದು ನಿಮಿಷ ಮಾತಾಡ್ಬೇಕಿತ್ತು" ಅಂದ. ಮೊದಲು ಇಂಟರ್ನಲ್ಸ್ ಬಗ್ಗೆ ಮಾತಾಡಿದ. ಆಮೇಲೆ ಊರಲ್ಲಿ ನಾಲೆಗೆ ನೀರು ಬಿಟ್ಟ ಸುದ್ದಿ. ಕೆರೆಯ ಅರ್ಧ ಸುತ್ತು ಮುಗಿದ ಮೇಲೆ ನಿಂತುಬಿಟ್ಟ. ನನ್ನ ಮುಖ ನೋಡದೆ, ನೀರಿನ ಕಡೆ ನೋಡುತ್ತಾ, "ನಂಗೆ ಹುಡುಗೀರ ಮೇಲೆ ಮನಸ್ಸು ಬರಲ್ಲ ಸರ್" ಅಂದ.

ಇದನ್ನು ಹೇಳಿಕೊಳ್ಳೋಕೆ ಅವನು ಮೂರು ವರ್ಷದಿಂದ ಒಬ್ಬರನ್ನು ಹುಡುಕುತ್ತಿದ್ದ. ನಾನೂ ಸಲಿಂಗಿ. ಅವನಿಗೆ ಅದು ಗೊತ್ತಿರಲಿಲ್ಲ. ಮತ್ತೆ ನನ್ನನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳಿದೆ. ಒಮ್ಮೆ ತರಗತಿಯಲ್ಲಿ ಯಾರೋ ಒಬ್ಬ ಹುಡುಗನನ್ನು 'ಒಂಬತ್ತು' ಅಂತ ಆಡಿಕೊಂಡಿದ್ದರು. ನಾನು ಪಾಠ ನಿಲ್ಲಿಸಿ, ಇನ್ನೊಮ್ಮೆ ಈ ಮಾತು ಇಲ್ಲಿ ಬರಬಾರದು ಅಂದಿದ್ದೆ. ನನಗೆ ಅದು ಮರೆತೇ ಹೋಗಿತ್ತು. ಅವನಿಗೆ ಮೂರು ವರ್ಷದಲ್ಲಿ ಸಿಕ್ಕ ಸುಳಿವು ಅದೊಂದೇ.

ಅವತ್ತಿನಿಂದ ನನ್ನ ತಲೆಯಲ್ಲಿ ಎರಡು ಮಾತು ಕೂತಿವೆ. ಹೇಳಿಕೊಳ್ಳೋಕೆ ಇಲ್ಲಿ ಒಬ್ಬರಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗಬೇಕು. ಹೇಳಿದ್ದು ಅಲ್ಲೇ ಉಳಿಯಬೇಕು. ಕ್ಯಾಂಪಸ್ಸಿನಲ್ಲಿ ಆಸರೆಯ ಬಳಗ ಕಟ್ಟುವ ಕೆಳಗಿನ ಹಂತಗಳೆಲ್ಲ ಈ ಎರಡಕ್ಕಾಗಿಯೇ ಇವೆ. ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಂತ 1: ಇಬ್ಬರಿಂದ ಶುರು ಮಾಡಿ

ಪೋಸ್ಟರ್, ಬಣ್ಣದ ಬಾವುಟ, ಉದ್ಘಾಟನೆ ಯಾವುದೂ ಮೊದಲು ಬೇಡ. ಮೊದಲು ಇಬ್ಬರು ಬೇಕು. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ಫೋನ್ ಎತ್ತಬೇಕಲ್ವಾ, ಅದಕ್ಕೆ ಇಬ್ಬರು.

ಆ ಇಬ್ಬರಲ್ಲಿ ಒಬ್ಬರಾದರೂ ಕಾಯಂ ನೌಕರಿಯವರಾಗಿರಲಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಾಲೇಜುಗಳಲ್ಲಿ ಪಾಠದ ಹೊರೆ ಹೊತ್ತವರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನುವ ಭಯ ಅವರಿಗೆ ಯಾವಾಗಲೂ ಇದ್ದದ್ದೇ. ಉತ್ಸಾಹ ಅವರಲ್ಲೇ ಜಾಸ್ತಿ ಇರುತ್ತದೆ, ವಯಸ್ಸೂ ವಿದ್ಯಾರ್ಥಿಗಳಿಗೆ ಹತ್ತಿರ. ಆದರೆ ಮುಂದೆ ಆಡಳಿತಕ್ಕೆ ಕೊಡುವ ಅರ್ಜಿಯ ಮೇಲೆ ಅವರ ಸಹಿ ಮೊದಲು ಬೀಳಬಾರದು. ಏಟು ಬಿದ್ದರೆ ತಡೆದುಕೊಳ್ಳುವವರು ಮುಂದೆ ನಿಲ್ಲಲಿ.

ಆ ಇಬ್ಬರು ಎಲ್‌ಜಿಬಿಟಿಕ್ಯೂ (ಸಲಿಂಗಿಗಳು, ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವವರು, ಟ್ರಾನ್ಸ್ ವ್ಯಕ್ತಿಗಳು ಮುಂತಾದವರು) ಆಗಿರಲೇಬೇಕು ಅಂತಿಲ್ಲ. ಒಬ್ಬರಾದರೂ ಆಗಿದ್ದರೆ ಒಳ್ಳೆಯದು. ಯಾರು ಸರಿ ಅಂತ ತಿಳಿಯೋಕೆ ನಾನು ಬಳಸುವ ದಾರಿ ಒಂದೇ. ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಿ. ಬೇರೆಯವರ ಮನೆಯ ಸುದ್ದಿಯನ್ನು ನಿಮ್ಮ ಹತ್ತಿರ ಹೇಳುವವರು ನಿಮ್ಮ ಮನೆಯದನ್ನೂ ಇನ್ನೊಬ್ಬರ ಹತ್ತಿರ ಹೇಳುತ್ತಾರೆ. ಎಷ್ಟೇ ಪ್ರಗತಿಪರರಾಗಿರಲಿ, ಅಂಥವರು ಬೇಡ.

ಮೇಷ್ಟ್ರುಗಳನ್ನಷ್ಟೇ ನೋಡಬೇಡಿ. ಲೈಬ್ರರಿಯವರು, ಹಾಸ್ಟೆಲ್ ಅಡುಗೆಯವರು, ಅಟೆಂಡರ್, ರಾತ್ರಿ ಗೇಟಿನ ಕಾವಲುಗಾರ. ರಾತ್ರಿ ಹನ್ನೊಂದಕ್ಕೆ ಅಳುತ್ತಾ ಗೇಟಿಗೆ ಬಂದ ಹುಡುಗಿಯನ್ನು ಮೊದಲು ನೋಡುವವರು ಅವರೇ.

ಹಂತ 2: ಗುಟ್ಟು ಕಾಯುವ ನಿಯಮ ಬರೆದಿಟ್ಟುಕೊಳ್ಳಿ

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಒಬ್ಬ ವಿದ್ಯಾರ್ಥಿಗೆ ಹಾಸ್ಟೆಲ್‌ನಲ್ಲಿ ರೂಮ್ ಬದಲಿಸಿಕೊಡಬೇಕಿತ್ತು. ಒಳ್ಳೆಯದಾಗಲಿ ಅಂತ ಅಲ್ಲಿಯ ಜವಾಬ್ದಾರರಿಗೆ ಕಾರಣವನ್ನೂ ಹೇಳಿಬಿಟ್ಟೆ. ಎರಡು ವಾರಕ್ಕೆ ಆ ಮಾತು ಅವನ ಊರು ಮುಟ್ಟಿತು. ಅವನು ಆ ಸೆಮಿಸ್ಟರ್ ಪರೀಕ್ಷೆ ಬರೆಯಲಿಲ್ಲ. 'ರೂಮ್ ಬದಲಿಸಿಕೊಡಿ, ಕಾರಣ ನನಗೆ ಗೊತ್ತಿದೆ, ಜವಾಬ್ದಾರಿ ನನ್ನದು' ಅಂದಿದ್ದರೆ ಸಾಕಿತ್ತು. ಒಬ್ಬರ ಗುಟ್ಟನ್ನು ಅವರ ಒಪ್ಪಿಗೆ ಇಲ್ಲದೆ ಹೊರಹಾಕುವುದು, ಉದ್ದೇಶ ಏನೇ ಇರಲಿ, ಅವರ ಕಾಲ ಕೆಳಗಿನ ನೆಲ ಎಳೆದ ಹಾಗೆ. ಇದನ್ನು ಕಲಿಯೋಕೆ ಇನ್ನೊಬ್ಬರ ಒಂದು ಸೆಮಿಸ್ಟರ್ ಹೋಯಿತು. ಆ ನೋವು ನನಗೆ ಇನ್ನೂ ಇದೆ.

ಆದ್ದರಿಂದ ನಿಯಮ ಬಾಯಲ್ಲಿ ಇರಬಾರದು, ಕಾಗದದ ಮೇಲೆ ಇರಲಿ. ಹೊಸಬರು ಬಂದಾಗಲೆಲ್ಲ ಓದಿ ಹೇಳಿ. ನಮ್ಮ ನಿಯಮ ಹೀಗಿದೆ: ಇಲ್ಲಿ ಯಾರನ್ನು ನೋಡಿದೆವು ಅನ್ನುವುದನ್ನು ಹೊರಗೆ ಹೇಳುವುದಿಲ್ಲ. ಹೊರಗೆ ಸಿಕ್ಕಾಗ ಅವರು ಮಾತಾಡಿಸದೆ ನಾವು ಮಾತಾಡಿಸುವುದಿಲ್ಲ. ಹಾಜರಿ ಪುಸ್ತಕ ಇಲ್ಲ, ಫೋಟೋ ಇಲ್ಲ. ಯಾರೂ ತಾವು ಏನು ಅಂತ ಹೇಳಬೇಕಾಗಿಲ್ಲ.

ಫೋನಿನ ವಿಷಯಕ್ಕೆ ಬರೋಣ. ವಾಟ್ಸಾಪ್ ಗುಂಪು ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹಳ್ಳಿಯಿಂದ ಬರುವ ಎಷ್ಟೋ ಮಕ್ಕಳ ಫೋನನ್ನು ಅಣ್ಣ, ಮಾವ, ಅಪ್ಪ ತೆಗೆದು ನೋಡುತ್ತಾರೆ. ಸಿಗ್ನಲ್ ಆ್ಯಪ್‌ನಲ್ಲಿ ನಂಬರ್ ಮುಚ್ಚಿಟ್ಟು ಬಳಕೆದಾರ ಹೆಸರಿನಲ್ಲಿ ಮಾತಾಡಬಹುದು. ಮೆಸೇಜ್ ತಾನಾಗೇ ಅಳಿಸಿಹೋಗುವ ಹಾಗೂ ಮಾಡಬಹುದು. ಗುಂಪಿನ ಹೆಸರು 'ಸಂಜೆ ಓದು' ಅನ್ನುವ ಹಾಗೆ ಸಾದಾ ಇರಲಿ. ಲಾಕ್ ಆದ ಪರದೆ ಮೇಲೆ ಮೆಸೇಜ್ ಓದಲು ಸಿಗದ ಹಾಗೆ ಸೆಟ್ಟಿಂಗ್ ಮಾಡುವುದನ್ನು ಒಬ್ಬೊಬ್ಬರಿಗೂ ಕೂತು ಹೇಳಿಕೊಡಿ. ಹತ್ತು ನಿಮಿಷದ ಕೆಲಸ. ಒಂದು ಮನೆಯ ಜಗಳ ತಪ್ಪುತ್ತದೆ.

ಗುಟ್ಟಿಗೂ ಗಡಿ ಇದೆ. ಅದನ್ನು ಮೊದಲೇ ಹೇಳಿಬಿಡಿ. ಜೀವಕ್ಕೆ ಅಪಾಯ ಇದ್ದರೆ ನೀವು ಇನ್ನೊಬ್ಬರ ಸಹಾಯ ಕೇಳಬೇಕಾಗುತ್ತದೆ. ಇನ್ನೊಂದು, ಮೊದಲ ವರ್ಷದ ಡಿಗ್ರಿಯಲ್ಲಿ ಹದಿನೇಳು ವರ್ಷದ ಮಕ್ಕಳೂ ಇರುತ್ತಾರೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೊಂಡ ಮೇಲೆ ಈ ಮಾತು ಬಂದರೆ ಮೋಸ ಅನ್ನಿಸುತ್ತದೆ. ಮುಂಚೆಯೇ ಹೇಳುವುದು ನ್ಯಾಯ.

ಹಂತ 3: ಮಾತನ್ನು ಸರಿ ಮಾಡಿಕೊಳ್ಳಿ

ಬಳಗದ ಗೋಡೆ ಇಟ್ಟಿಗೆಯದಲ್ಲ, ಮಾತಿನದು. ಪತ್ರಿಕೆಗಳಲ್ಲಿ 'ಸಲಿಂಗಕಾಮಿ' ಅನ್ನುವ ಪದ ಇನ್ನೂ ಓಡುತ್ತಿದೆ. ಅದರಲ್ಲಿ ಕಾಮ ಮಾತ್ರ ಕಾಣುತ್ತದೆ. ಪ್ರೀತಿ, ಸಂಗಾತಿ, ಬಾಳು ಯಾವುದೂ ಕಾಣಲ್ಲ. ನಾವು ಸಲಿಂಗಿ, ಸಲಿಂಗ ಪ್ರೇಮಿ ಅನ್ನುತ್ತೇವೆ. ಹುಡುಗರಲ್ಲಿ ಕೆಲವರು ಗೇ, ಕ್ವೀರ್ ಅಂತಲೇ ಹೇಳಿಕೊಳ್ಳುತ್ತಾರೆ. ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವವರು ಬೈಸೆಕ್ಷುವಲ್ ಅನ್ನುವುದೇ ಜಾಸ್ತಿ.

ಹುಟ್ಟಿದಾಗ ದಾಖಲಾದ ಲಿಂಗ ತಮ್ಮದಲ್ಲ ಅನ್ನುವ ಟ್ರಾನ್ಸ್ ವ್ಯಕ್ತಿಗಳಿಗೆ ಸರ್ಕಾರದ ಕಡತದ ಪದ 'ಲಿಂಗತ್ವ ಅಲ್ಪಸಂಖ್ಯಾತರು'. 'ಮಂಗಳಮುಖಿ' ಅನ್ನುವುದು ಕೆಲವರಿಗೆ ಗೌರವ, ಕೆಲವರಿಗೆ ಇಷ್ಟವಿಲ್ಲ. ಜೋಗತಿ, ಜೋಗಪ್ಪ ಅನ್ನುವುದು ಎಲ್ಲಮ್ಮನ ಪರಂಪರೆಗೆ ಸೇರಿದ ಹೆಸರು. ಅದನ್ನು ಬಿ.ಕಾಂ. ಓದುವ ಯಾವುದೋ ಟ್ರಾನ್ಸ್ ಹುಡುಗಿಗೆ ಅಂಟಿಸಬಾರದು. ಟ್ರಾನ್ಸ್ ಅಂದ ಕೂಡಲೇ ಎಲ್ಲರ ಕಣ್ಣಿಗೂ ಸೀರೆ ಉಟ್ಟವರೇ ಬರುತ್ತಾರೆ. ಹೆಣ್ಣಾಗಿ ಹುಟ್ಟಿದವರೆಂದು ದಾಖಲಾಗಿ, ತಾನು ಗಂಡು ಅಂತ ಬದುಕುವ ಟ್ರಾನ್ಸ್ ಪುರುಷರು ನಮ್ಮ ಲೇಡೀಸ್ ಹಾಸ್ಟೆಲ್‌ಗಳಲ್ಲೇ ಇದ್ದಾರೆ. ಅವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನೀವು ಇಟ್ಟುಕೊಳ್ಳಿ.

ಕನ್ನಡ ನಮಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. 'ನಾನು ಬಂದೆ', 'ನೀನು ಬಂದೆಯಾ' ಅನ್ನುವಾಗ ಗಂಡು ಹೆಣ್ಣಿನ ಗುರುತೇ ಇಲ್ಲ. 'ಬಂದ', 'ಬಂದಳು' ಅನ್ನುವಾಗ ಮಾತ್ರ ತೊಡಕು. ಅಲ್ಲಿಗೂ ದಾರಿ ಇದೆ: 'ಅವರು ಬಂದರು'. ಅತ್ತೆ ಮಾವಂದಿರಿಗೆ, ಬಸ್ ಕಂಡಕ್ಟರಿಗೆ ದಿನಾ ಬಳಸುವ ಮಾತು. ವಿದ್ಯಾರ್ಥಿಗೂ ಬಳಸಿದರೆ ಏನು ಕಷ್ಟ? ತೊಂದರೆ ಇರುವುದು ನಮ್ಮ ಅಕ್ಕರೆಯ ಮಾತಲ್ಲಿ. 'ಬಾರಪ್ಪ', 'ಕೂತ್ಕೊಳಮ್ಮ', ಮಂಡ್ಯ ಕಡೆಯ 'ಬಾರ್ಲಾ'. ಪ್ರೀತಿಯಿಂದ ಅಂದರೂ ಟ್ರಾನ್ಸ್ ಮಗುವಿಗೆ ಅದು ಚುಚ್ಚುತ್ತದೆ. ಹೇಗೆ ಕರೆಯಲಿ ಅಂತ ಒಮ್ಮೆ ಒಂಟಿಯಾಗಿ ಸಿಕ್ಕಾಗ ಕೇಳಿ. ತರಗತಿಯಲ್ಲಿ ಎಲ್ಲರೆದುರು ಬೇಡ. ಹಾಜರಿ ಕರೆಯುವಾಗ ಎಲ್ಲರಿಗೂ ರೋಲ್ ನಂಬರ್ ಮಾತ್ರ ಕರೆದರೆ ಒಂದು ದೊಡ್ಡ ಸಂಕಟ ಸದ್ದಿಲ್ಲದೆ ತಪ್ಪುತ್ತದೆ.

ಯಾರಾದರೂ ಬಂದು ಹೇಳಿಕೊಂಡರೆ ಏನನ್ನಬೇಕು? "ನನ್ನ ಹತ್ತಿರ ಹೇಳಿದ್ದು ಒಳ್ಳೇದಾಯ್ತು. ಇದು ನನ್ನಲ್ಲೇ ಇರುತ್ತೆ. ಈಗ ನಿನಗೆ ನನ್ನಿಂದ ಏನಾಗಬೇಕು?" ಇಷ್ಟು ಸಾಕು. ಬಹಳ ಸಲ ಅವರಿಗೆ ಏನೂ ಬೇಕಿರುವುದಿಲ್ಲ, ಹೇಳಿ ಹಗುರಾಗಬೇಕಿರುತ್ತದೆ. 'ವಯಸ್ಸಿನ ಹುಚ್ಚು, ಸರಿ ಹೋಗುತ್ತೆ' ಅನ್ನಬೇಡಿ. 'ಅಪ್ಪ ಅಮ್ಮನಿಗೆ ಹೇಳಿಬಿಡು' ಅಂತಲೂ ಅವಸರ ಮಾಡಬೇಡಿ. ಅವರ ಮನೆ ಹೇಗಿದೆ ಅಂತ ಅವರಿಗೆ ಗೊತ್ತು, ನಮಗಲ್ಲ.

'ಇದೆಲ್ಲ ಫಾರಿನ್ನಿಂದ ಬಂದದ್ದು' ಅನ್ನುವವರು ಸಿಕ್ಕೇ ಸಿಗುತ್ತಾರೆ. ವಾದಕ್ಕೆ ಇಳಿಯಬೇಡಿ. ಮಂಜಮ್ಮ ಜೋಗತಿ ಅವರ ಹೆಸರು ಹೇಳಿ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಮ್ಮೂರಿನ ಅಜ್ಜಿಯರೂ ಟಿವಿಯಲ್ಲಿ ನೋಡಿದ್ದಾರೆ.

ಹಂತ 4: ಕೈಯಲ್ಲಿ ಒಂದು ಕಡತ ಇರಲಿ

ಆಡಳಿತದವರು ಮೊದಲು ಕೇಳುವುದು 'ಇದಕ್ಕೆ ರೂಲ್ಸ್ ಎಲ್ಲಿದೆ?' ಅಂತ. ರೂಲ್ಸ್ ಇದೆ. ಪ್ರಿಂಟ್ ತೆಗೆದು ಒಂದು ಫೈಲಿಗೆ ಹಾಕಿ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಟ್ರಾನ್ಸ್ ವ್ಯಕ್ತಿಗಳ ಹಕ್ಕುಗಳನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಬಂತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಸಿಗಲಿಲ್ಲ. ಈ ಕೊನೆಯದನ್ನೂ ಮಕ್ಕಳಿಗೆ ನೇರವಾಗಿ ಹೇಳಿ. ಸುಳ್ಳು ಭರವಸೆ ಕೊಡಬಾರದು.

ಕ್ಯಾಂಪಸ್ ಮಟ್ಟದಲ್ಲಿ ತುಂಬಾ ಕೆಲಸಕ್ಕೆ ಬರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ರ‍್ಯಾಗಿಂಗ್ ತಡೆ ನಿಯಮ. 2009ರ ಆ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂತು. ಲಿಂಗತ್ವ, ಲೈಂಗಿಕ ಒಲವಿನ ಕಾರಣಕ್ಕೆ ಹಿಂಸಿಸುವುದು, ಹೊರಗಿಡುವುದು ರ‍್ಯಾಗಿಂಗ್ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. 'ಒಂಬತ್ತು' ಅಂತ ದಿನಾ ಕೂಗುವುದು ತಮಾಷೆ ಅಲ್ಲ, ರ‍್ಯಾಗಿಂಗ್. ಸಹಾಯವಾಣಿ 1800-180-5522. ಹಾಗೇ ಯುಜಿಸಿಯ 2015ರ ಲೈಂಗಿಕ ಕಿರುಕುಳ ತಡೆ ನಿಯಮ ಹೆಚ್ಚಾಗಿ ಮಹಿಳೆಯರನ್ನು ಕುರಿತದ್ದಾದರೂ, ಹುಡುಗರು ಮತ್ತು ತೃತೀಯ ಲಿಂಗದ ವಿದ್ಯಾರ್ಥಿಗಳೂ ಕಿರುಕುಳಕ್ಕೆ ಸಿಲುಕುತ್ತಾರೆ ಅಂತ ಒಪ್ಪಿಕೊಂಡಿದೆ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಶಿಕ್ಷಣ, ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು. 'ನಮ್ಮಲ್ಲಿ ಆ ಅಧಿಕಾರಿ ಯಾರು?' ಅಂತ ಒಂದು ಪತ್ರ ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಆ ಒಂದು ಪ್ರಶ್ನೆಯಿಂದಲೇ ಎಷ್ಟೋ ಕಡೆ ಕಡತ ಅಲುಗಾಡುತ್ತದೆ. ಟ್ರಾನ್ಸ್ ಗುರುತಿನ ಪ್ರಮಾಣಪತ್ರ ಜಿಲ್ಲಾಧಿಕಾರಿಗಳಿಂದ ಬರುತ್ತದೆ, ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ವಕೀಲರೊಬ್ಬರ ಜೊತೆ ಕೂತು ಓದಿಕೊಳ್ಳಿ.

ಹಂತ 5: ಸೇರುವ ಜಾಗ, ಹೊತ್ತು

ಶನಿವಾರ ಮಧ್ಯಾಹ್ನ ಒಂದೂವರೆಯಿಂದ ಮೂರು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದಿಂದ ದಿನಾ ರೈಲಿನಲ್ಲಿ ಬಂದು ಹೋಗುವವರು ಸಂಜೆ ನಿಲ್ಲೋಕಾಗಲ್ಲ. ತಡವಾದರೆ ಮನೆಯಲ್ಲಿ ನೂರು ಪ್ರಶ್ನೆ. ಸಂಜೆ ಸಭೆ ಇಟ್ಟರೆ ಹಾಸ್ಟೆಲ್ಲಿನವರು, ಪೇಟೆಯವರು ಮಾತ್ರ ಬರುತ್ತಾರೆ. ಜಾಸ್ತಿ ಒಂಟಿಯಾಗಿರುವವರು ಹಳ್ಳಿಯವರೇ.

ಜಾಗ ಕ್ಯಾಂಪಸ್‌ನ ಒಂದು ಸಾದಾ ತರಗತಿ ಕೋಣೆ ಆದರೆ ಚೆನ್ನ. ಅಲ್ಲಿಗೆ ಹೋಗೋಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಓದಿನ ಗುಂಪು ಅಂತ ಶುರು ಮಾಡಿ. ಕಥೆ ಓದಿ, ಮಾತಾಡಿ, ಟೀ ಕುಡಿದು ಎದ್ದು ಹೋಗಿ. ಮೊದಲ ತಿಂಗಳು ಮೂರೇ ಜನ ಬರಬಹುದು. ಬರದ ಶನಿವಾರವೂ ಇರುತ್ತದೆ. ಆದರೂ ನೀವು ಹೋಗಿ ಬಾಗಿಲು ತೆರೆದು ಕೂತಿರಬೇಕು. ನನಗೆ ಒಬ್ಬಳು ಆಮೇಲೆ ಹೇಳಿದಳು, ಐದು ವಾರ ಕಾರಿಡಾರಿನಲ್ಲಿ ಹಾದು ಹೋಗಿ ನೋಡಿ, ಆರನೇ ವಾರ ಒಳಗೆ ಬಂದಳಂತೆ.

ಗೊತ್ತಾಗುವುದು ಹೇಗೆ? ಲೈಬ್ರರಿಯ ನೋಟಿಸ್ ಬೋರ್ಡು, ಶೌಚಾಲಯದ ಬಾಗಿಲ ಒಳಭಾಗ. ಹೌದು, ಶೌಚಾಲಯ. ಯಾರೂ ನೋಡದ ಹಾಗೆ ನಂಬರ್ ಬರೆದುಕೊಳ್ಳಬಹುದಾದ ಜಾಗ ಅದೊಂದೇ. ಚೀಟಿಯಲ್ಲಿ ಇಷ್ಟಿರಲಿ: 'ನೀವು ಯಾರನ್ನು ಪ್ರೀತಿಸುತ್ತೀರಿ, ನೀವು ಯಾರು ಅನ್ನುವ ಬಗ್ಗೆ ಮಾತಾಡೋಕೆ ಒಬ್ಬರು ಬೇಕಾ? ನಾವಿದ್ದೇವೆ.' ಕೆಳಗೆ ಬಳಗಕ್ಕೆ ಅಂತಲೇ ಇಟ್ಟ ಒಂದು ನಂಬರ್.

ಹಂತ 6: ಆಡಳಿತದ ಬಾಗಿಲು ತಟ್ಟಿ

ಬಳಗ ಒಂದು ವರ್ಷ ನಡೆದ ಮೇಲೆ ಇದಕ್ಕೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಒಂದೇ ಪುಟದ ಅರ್ಜಿ, ಮೂರು ಬೇಡಿಕೆ, ಜೊತೆಗೆ ಆ ಕಡತ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಬರೆಯದ ಅರ್ಜಿಯೇ.

ಮೊದಲು ಸುಲಭದ್ದನ್ನು ಕೇಳಿ. ಒಳಗಿನ ಅರ್ಜಿಗಳಲ್ಲಿ ಮೂರನೇ ಲಿಂಗದ ಕಾಲಂ. ಐಡಿ ಕಾರ್ಡಿನಲ್ಲಿ ಬಳಕೆಯ ಹೆಸರು. ಪ್ರತಿ ಕಟ್ಟಡದಲ್ಲಿ ಒಂದಾದರೂ ಎಲ್ಲರೂ ಬಳಸಬಹುದಾದ ಶೌಚಾಲಯ. ಇದಕ್ಕೆ ಹೊಸದು ಕಟ್ಟಬೇಕಿಲ್ಲ, ಒಂಟಿ ಕೋಣೆಯ ಶೌಚಾಲಯಕ್ಕೆ ಬೋರ್ಡ್ ಬದಲಿಸಿದರೆ ಸಾಕು. ದಿನವಿಡೀ ನೀರೇ ಕುಡಿಯದೆ ಕೂರುವ ಟ್ರಾನ್ಸ್ ವಿದ್ಯಾರ್ಥಿಗಳಿದ್ದಾರೆ. ಕಾರಣ ಕೇಳಿದರೆ ನಿಮಗೆ ಅರ್ಥವಾಗುತ್ತದೆ. ಅಂಕಪಟ್ಟಿಯ ಹೆಸರು ಬದಲಾವಣೆ ಎಸ್‌ಎಸ್‌ಎಲ್‌ಸಿ ದಾಖಲೆಯಿಂದ ಶುರುವಾಗುವ ಉದ್ದದ ಕೆಲಸ. ಅದಕ್ಕಾಗಿ ಉಳಿದದ್ದನ್ನು ನಿಲ್ಲಿಸಬೇಡಿ.

ಹಾಸ್ಟೆಲ್ ಬಗ್ಗೆ ಒಂದು ಮಾತು. ದಸರಾ ರಜೆಗೆ ಊರೆಲ್ಲ ದೀಪ ಹಾಕಿಕೊಂಡಿರುವಾಗ ಕೆಲವು ಮಕ್ಕಳು ಬ್ಯಾಗ್ ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಅಂತ ನಿಂತಿರುತ್ತಾರೆ. ಮನೆಗೆ ಹೋಗಲಾಗದವರಿಗೆ ರಜೆಯಲ್ಲೂ ಒಂದೆರಡು ರೂಮ್ ತೆರೆದಿಡಲು ಕೇಳಿ. ಆಗದಿದ್ದರೆ ಊರಿನ ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಒಂದು ಕೋಣೆ ಮೊದಲೇ ಗೊತ್ತು ಮಾಡಿಕೊಂಡಿರಿ.

ಹಂತ 7: ಸಿಬ್ಬಂದಿಯನ್ನು ಮರೆಯಬೇಡಿ

ವಿದ್ಯಾರ್ಥಿ ಮೂರು ವರ್ಷಕ್ಕೆ ಹೋಗುತ್ತಾನೆ. ನೌಕರರು ಮೂವತ್ತು ವರ್ಷ ಅದೇ ಸ್ಟಾಫ್ ರೂಮಿನಲ್ಲಿ 'ಮದುವೆ ಯಾವಾಗ?' ಅನ್ನುವುದಕ್ಕೆ ಉತ್ತರ ಕೊಡುತ್ತಿರುತ್ತಾರೆ. ಅವರಿಗೆ ಬೇರೆಯೇ ಸಭೆ ಇರಲಿ, ವಿದ್ಯಾರ್ಥಿಗಳ ಜೊತೆ ಬೇಡ. ಇಬ್ಬರಿಗೂ ಮುಜುಗರ. ಅಂಕ ಕೊಡುವ ಕೈ ಅದೇ ಕೋಣೆಯಲ್ಲಿದ್ದರೆ ಮಾತು ಬಿಚ್ಚಲ್ಲ.

ಇವರಿಗೆ ಬೇಕಾದದ್ದು ತೀರ ದಿನಬಳಕೆಯ ಮಾಹಿತಿ. ಸಂಗಾತಿಯ ಜೊತೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ಖಾತೆಗೆ ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ತಿಳಿಸಿದೆ. ಆ ಸೂಚನೆಯ ಪ್ರತಿ ಕಡತದಲ್ಲಿರಲಿ, ಬ್ಯಾಂಕಿನವರಿಗೆ ಗೊತ್ತಿರಲ್ಲ. ಉಯಿಲು ಬರೆಯುವುದನ್ನು ಒಬ್ಬ ವಕೀಲರಿಂದ ಒಂದು ದಿನ ಹೇಳಿಸಿ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇಕಡ 1ರಷ್ಟು ಮೀಸಲಾತಿ ತಂದಿತು. ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಕೊನೆಯ ವರ್ಷದ ಮಕ್ಕಳಿಗೆ ಇದು ಗೊತ್ತಿರಬೇಕು.

ಹಂತ 8: ರಾತ್ರಿಯ ಫೋನಿಗೆ ಸಿದ್ಧರಾಗಿರಿ

ಇದನ್ನು ನಿಧಾನಕ್ಕೆ ಓದಿ. ಇದು ಬಂದೇ ಬರುತ್ತದೆ.

ಸಾಯುವ ಮಾತು ಬಂದರೆ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಆಸೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಒಬ್ಬರೇ ಬಿಡಬೇಡಿ. ಒಬ್ಬರನ್ನೇ ಊರಿನ ಬಸ್ಸು ಹತ್ತಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇಬ್ಬರೂ ಕೂತು ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯ ಕಣ್ಣೆದುರಿಗೇ ಇದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಆಸ್ಪತ್ರೆಯಲ್ಲಿ ಕಾರಣ ಕೇಳಿದಾಗ ಎಷ್ಟು ಹೇಳಬೇಕು ಅನ್ನುವುದು ಅವರ ಇಷ್ಟ.

ಮನೆಯವರು ಬಂದು ಎಳೆದುಕೊಂಡು ಹೋಗುವುದು ಇನ್ನೊಂದು. ಫೋನ್ ಕಿತ್ತುಕೊಳ್ಳುತ್ತಾರೆ, ತಿಂಗಳೊಳಗೆ ಮದುವೆ ಗೊತ್ತು ಮಾಡುತ್ತಾರೆ. ಹೆಣ್ಣುಮಕ್ಕಳಿಗೆ, ಟ್ರಾನ್ಸ್ ಪುರುಷರಿಗೆ ಇದು ಹೆಚ್ಚು. ಭಯ ಇರುವವರು ಮುಂಚೆಯೇ ಒಂದು ಪತ್ರ ಬರೆದಿಡಲಿ: ನನಗೆ ಇಷ್ಟು ವಯಸ್ಸು, ನನ್ನ ಇಷ್ಟದಿಂದ ಇಲ್ಲಿ ಓದುತ್ತಿದ್ದೇನೆ, ನಾನು ಕಾಣೆಯಾದರೆ ಇಂಥವರು ನನ್ನ ಪರವಾಗಿ ದೂರು ಕೊಡಬಹುದು. ತಾರೀಕು, ಸಹಿ ಇರಲಿ. ಒಂದು ಪ್ರತಿ ನಿಮ್ಮ ಹತ್ತಿರ. ಅಂಕಪಟ್ಟಿ, ಆಧಾರ್ ಪ್ರತಿಗಳು ಡಿಜಿಲಾಕರ್‌ನಲ್ಲಿರಲಿ. ಹಾಗೆ ಆದಾಗ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ, ವಕೀಲರನ್ನು ಹಿಡಿಯಿರಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ಕರೆತನ್ನಿ ಅಂತ ಕೇಳುವ ಅರ್ಜಿ) ಹಾಕಬಹುದು. ಇಂಥ ಪ್ರಕರಣಗಳಲ್ಲಿ ಆ ವ್ಯಕ್ತಿಯನ್ನು ಮನೆಯವರಿಂದ ದೂರವಿಟ್ಟು ಒಬ್ಬರೇ ಮಾತಾಡಿಸಬೇಕು, ಮನಸ್ಸು ಬದಲಿಸುವ ಕೌನ್ಸೆಲಿಂಗ್‌ಗೆ ಕಳಿಸಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಎಲ್ಲ ಕೋರ್ಟುಗಳಿಗೂ ಮಾರ್ಗಸೂಚಿ ಕೊಟ್ಟಿದೆ.

'ಸರಿ ಮಾಡಿಸುತ್ತೇವೆ' ಅಂತ ಡಾಕ್ಟರ ಹತ್ತಿರ ಕರೆದೊಯ್ಯುವುದೂ ಉಂಟು. ಸಲಿಂಗ ಒಲವು ಕಾಯಿಲೆಯಲ್ಲ. ಮದರಾಸು ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ 'ಪರಿವರ್ತನಾ ಚಿಕಿತ್ಸೆ'ಯನ್ನು ವೃತ್ತಿ ದುರ್ನಡತೆ ಅಂತ ಘೋಷಿಸಿತು. ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಬ್ಲಾಕ್‌ಮೇಲ್ ಹುಡುಗರಲ್ಲಿ ಜಾಸ್ತಿ. ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕವನು ರಿಂಗ್ ರಸ್ತೆಯ ಆಚೆ ಎಲ್ಲೋ ಕರೆಸಿಕೊಂಡು, ಇನ್ನಿಬ್ಬರನ್ನು ಸೇರಿಸಿ, ವಿಡಿಯೋ ಮಾಡಿ ದುಡ್ಡು ಕೀಳುತ್ತಾನೆ. ಮೊದಲ ಭೇಟಿ ಜನ ಇರುವ ಹೋಟೆಲಿನಲ್ಲಿ ಆಗಲಿ, ಒಬ್ಬ ಗೆಳೆಯನಿಗೆ ಲೊಕೇಶನ್ ಕಳಿಸಿರಲಿ ಅಂತ ಎಲ್ಲರಿಗೂ ಹೇಳಿ. ಸಿಕ್ಕಿಬಿದ್ದರೆ ಮತ್ತೆ ದುಡ್ಡು ಕೊಡಬೇಡಿ. ಕೊಟ್ಟಷ್ಟೂ ಕೇಳುತ್ತಾರೆ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸುಲಿಗೆ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್‌ನಡಿ ಅಪರಾಧ. ಸ್ಟೇಷನ್ನಿಗೆ ವಕೀಲರ ಜೊತೆಗೇ ಹೋಗಿ, 'ಇವರು ವಯಸ್ಕರು, ಮನೆಗೆ ಫೋನ್ ಮಾಡಬೇಡಿ' ಅನ್ನುವುದನ್ನು ಮೊದಲೇ ಹೇಳಿಸಿ. ಮಕ್ಕಳು ದೂರು ಕೊಡದೆ ಉಳಿಯುವುದು ಆ ಒಂದು ಫೋನಿನ ಭಯಕ್ಕೇ.

ಹಂತ 9: ಹೊರಗಿನ ಕೈಗಳು

ಎಲ್ಲವನ್ನೂ ನೀವೇ ಮಾಡೋಕಾಗಲ್ಲ. ಮೈಸೂರಿನಲ್ಲಿ ಆಶೋದಯ ಸಮಿತಿ ಇದೆ. ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುತ್ತಿರುವ ಸಂಸ್ಥೆ, ಟ್ರಾನ್ಸ್ ಸಮುದಾಯವೂ ಅದರಲ್ಲಿದೆ. ಪೊಲೀಸ್, ಆಸ್ಪತ್ರೆ ಜೊತೆ ವ್ಯವಹರಿಸಿ ಪಳಗಿದವರು. ಅವರ ಹತ್ತಿರ ಪದವಿಯ ಗತ್ತು ಬಿಟ್ಟು ಕಲಿಯೋಕೆ ಹೋಗಿ. ಬೆಂಗಳೂರಿನಲ್ಲಿ ಈ ಸಮುದಾಯಗಳ ಪರ ಕೆಲಸ ಮಾಡುವ 'ಸಂಗಮ', 'ಒಂದೆಡೆ' ಅನ್ನುವ ಸಂಸ್ಥೆಗಳಿವೆ. ಎಚ್‌ಐವಿ ಬಗ್ಗೆ ಕೇಳಲು 1097. ದನಿಯ ಬಗ್ಗೆ ಸಂಕಟಪಡುವ ಟ್ರಾನ್ಸ್ ವಿದ್ಯಾರ್ಥಿಗಳು ಮಾನಸಗಂಗೋತ್ರಿಯಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಧ್ವನಿ ತಜ್ಞರನ್ನು ಕೇಳಬಹುದು.

ಕೌನ್ಸೆಲರ್ ಹೆಸರನ್ನು ಪಟ್ಟಿಗೆ ಸೇರಿಸುವ ಮೊದಲು ನೀವೇ ಹೋಗಿ ಒಂದು ಪ್ರಶ್ನೆ ಕೇಳಿ: "ನನ್ನ ತಮ್ಮ ಸಲಿಂಗಿ, ಬದಲಿಸೋಕಾಗುತ್ತಾ?" 'ಪ್ರಯತ್ನ ಮಾಡೋಣ' ಅಂದರೆ ಎದ್ದು ಬನ್ನಿ.

ಹಂತ 10: ಕೈಯಿಂದ ಕೈಗೆ ಕೊಡಿ

ಇಂಥ ಬಳಗಗಳು ಮುರಿಯುವುದು ಜಗಳದಿಂದಲ್ಲ, ಕಾನ್ವೊಕೇಶನ್ನಿನಿಂದ. ಚುರುಕಾಗಿದ್ದ ಬ್ಯಾಚ್ ಹೊರಟುಹೋಗುತ್ತದೆ, ಶನಿವಾರದ ಕೋಣೆ ಖಾಲಿ. ಅದಕ್ಕೆ ಪ್ರತಿ ಜನವರಿಯಲ್ಲಿ ಎರ​ಡನೇ ವರ್ಷದ ಇಬ್ಬರನ್ನು ಹಳಬರ ಜೊತೆ ಹಚ್ಚಿ. ಅವರಿಗೆ ಕೊಡಬೇಕಾದದ್ದು ಕಡತ, ನಿಯಮದ ಕಾಗದ, ಬಳಗದ ಫೋನು. ಹೆಸರುಗಳ ಪಟ್ಟಿ ಕೊಡಬೇಡಿ, ಅಂಥದ್ದೊಂದು ಇರಲೇಬಾರದು.

ಫೋನ್ ಎತ್ತುವವರಿಗೂ ದಣಿವಾಗುತ್ತದೆ. ವಾರಕ್ಕೆ ಮೂರು ದಿನ ಒಬ್ಬರು, ಮೂರು ದಿನ ಇನ್ನೊಬ್ಬರು, ಭಾನುವಾರ ಸರದಿ. ಕಷ್ಟದ ಕರೆ ಬಂದ ಮಾರನೇ ದಿನ ಇಬ್ಬರೂ ಕೂತು ಕಾಫಿ ಕುಡಿಯಿರಿ. ಹೆಸರು ಹೇಳದೆ ಮನಸ್ಸಿನದನ್ನು ಮಾತ್ರ ಮಾತಾಡಿ.

ಕೆರೆ ಏರಿಯ ಮೇಲೆ ಸಿಕ್ಕ ಹುಡುಗ ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ. ಬಳಗದ ಫೋನಿನ ರೀಚಾರ್ಜ್ ಅವನೇ ಹಾಕಿಸುತ್ತಾನೆ. ಹೊಸ ಬ್ಯಾಚ್ ಬರುವ ವಾರ ಮರೆಯದೆ ಮೆಸೇಜ್ ಮಾಡುತ್ತಾನೆ: "ಸರ್, ಬಾಗಿಲ ಹಿಂದಿನ ಚೀಟಿ ಹರಿದಿದ್ಯಾ ನೋಡಿ, ಹೊಸದು ಅಂಟಿಸಿ."